ಹತ್ತು-ಹನ್ನೊಂದು ಪಾನಾ

ಕಾವುಮಾಸದ ನಲವತ್ತೊಂದನೆಯ ದಿನ, ಕ್ರಿ.ಶ. ೨೨೦೯
ತುಂಗಭದ್ರೆಯ ಈಚೆ ದಂಡೆ

ಮಂದಾಕಿನಿಯವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥದೊಂದು ತಿಂಗಳಿಲ್ಲವೆಂದು ಬಲ್ಲೆ. ಬಿಸಿಲು ಇಳಿಯುವವರೆಗೆ ಯಾರೂ ಎಲ್ಲಿಗೂ ಹೊರಡಲಾಗದ ಐವತ್ತು ದಿನಗಳಿಗೆ ನಾವು ಕಾವುಮಾಸ ಎನ್ನುತ್ತೇವೆ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಬರೆಯಲು ಕಲಿತದ್ದು ಮದುವೆಯಾದ ಮೇಲೆ, ಅತ್ತೆಯ ಪಕ್ಕದಲ್ಲಿ ಕೂತು. ಹಾಗಾಗಿ ಈ ಪತ್ರದಲ್ಲಿ ನಿಮಗೆ ವಿಚಿತ್ರವೆನಿಸುವ ಮಾತುಗಳಲ್ಲಿ ಯಾವುದು ನನ್ನ ಕಾಲದ್ದು, ಯಾವುದು ನನ್ನ ತಪ್ಪು ಎಂದು ನನಗೇ ಹೇಳಲಾಗದು. ಎರಡನ್ನೂ ಮನ್ನಿಸಿ.

ನೀವು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದು ಹಾಳೆ ಮಾತ್ರ. ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿರುವ ಆ ಹಾಳೆಯ ಮೇಲ್ಭಾಗದಲ್ಲಿ ‘ಮನೆಬಂಡಿಯಲ್ಲಿ ಹೊರಡುವಾಗ ಇರಲೇಬೇಕಾದ ಸಾಮಾನು’ ಎಂದಿದೆ, ಕೆಳಗೆ ‘ಮಂದಾಕಿನಿ, ಹೊಸಪೇಟೆ’ ಎಂದಿದೆ. ನಿಮಗೆ ಮನೆಬಂಡಿಯೆಂದರೆ ರಜೆಯಲ್ಲಿ ಸುತ್ತುವ ವಾಹನವಾಗಿತ್ತಂತೆ. ನಮಗೆ ಅದೇ ಮನೆ, ಬೇರೆ ಮನೆಯಿಲ್ಲ. ನಾವು ನಲವತ್ತು ಬಂಡಿಗಳ ಒಂದು ಸಾಲು. ವರ್ಷಕ್ಕೊಮ್ಮೆ, ಕಾವುಮಾಸ ಮುಗಿದ ಮರುದಿನ, ತೇಲುಸೇತುವೆಯ ಮೇಲೆ ಹಿನ್ನೀರು ದಾಟಿ ಆಚೆ ಸೇರುತ್ತೇವೆ. ಸಾಲು ಕಟ್ಟಿದ ಮೊದಲ ಹಿರಿಯರ ಬಳಿ ನಿಮ್ಮ ಹಾಳೆಯಿತ್ತು. ಅವರು ಅದನ್ನೇ ಕಟ್ಟಳೆಯಾಗಿ ಇಟ್ಟುಕೊಂಡರು. ನೂರು ವರ್ಷಕ್ಕೂ ಮಿಕ್ಕಿ, ಒಂದೇ ಒಂದು ಸಲದ ಹೊರತು, ಅದರಲ್ಲಿರುವುದೆಲ್ಲ ಇಲ್ಲದೆ ಒಂದು ಬಂಡಿಯೂ ಸೇತುವೆ ಹತ್ತಿಲ್ಲ.

ನೀವು ಬರೆದದ್ದರಲ್ಲಿ ಎಷ್ಟೋ ನಮಗೆ ಅರ್ಥವಾಗುತ್ತದೆ. ಜಾಕಿ, ಸ್ಟೆಪ್ನಿ, ಫ್ಯೂಸು, ಇಕ್ಕಳ, ಕಟ್ಟುವ ತಂತಿ, ನಲ್ಲಿಯ ವಾಷರು, ಚಕ್ರಕ್ಕೆ ಅಡ್ಡ ಇಡಲು ಎರಡು ಕಲ್ಲು. ಕೆಲವು ಅರ್ಥವಾಗುವುದಿಲ್ಲ. ನಮ್ಮ ಬಂಡಿಗಳು ಬಿಸಿಲಿನಿಂದ ಓಡುತ್ತವೆ. ಆದರೂ ಪ್ರತಿ ಬಂಡಿಯಲ್ಲಿ ಒಂದು ಫ್ಯಾನ್ ಬೆಲ್ಟ್ ಇದೆ; ಹಾಕಲು ಜಾಗವಿಲ್ಲದ್ದರಿಂದ ಬಾಗಿಲಿಗೆ ತೋರಣದ ಹಾಗೆ ಕಟ್ಟುತ್ತೇವೆ. ‘ಹಳೇ ಬನಿಯನ್ ಎರಡು’ ಎಂದು ಬರೆದಿದ್ದೀರಿ. ಜಾಕಿಗೂ ಗ್ರೀಸಿಗೂ ನಡುವೆ ಅದೇಕೆ ಬಂತೆಂದು ತಿಳಿಯದೆ, ಸೇತುವೆ ದಾಟುವ ದಿನ ಬಂಡಿ ಓಡಿಸುವವರು ಅಂಗಿಯ ಮೇಲೆ ಅದನ್ನು ಧರಿಸುತ್ತಾರೆ, ಒಂದರ ಮೇಲೊಂದು, ಎರಡನ್ನೂ. ನಗಬೇಡಿ. ಹನ್ನೊಂದು ವರ್ಷದ ಹಿಂದೆ ಒಂದು ಮನೆಯವರು ‘ಹಳೇ ಸೈಕಲ್ ಟ್ಯೂಬಿನ ತುಂಡು’ ಇದ್ಯಾತಕ್ಕೆ ಎಂದು ನಕ್ಕು ಬಿಟ್ಟುಬಂದರು. ಅದೊಂದು ಸಲ ತಪಾಸಣೆಯ ಕಣ್ಣೂ ತಪ್ಪಿತು. ಎರಡನೆಯ ದಿನ ಅವರ ನೀರಿನ ಪೈಪು ಸೀಳಿ, ಬಿಗಿದು ಕಟ್ಟಲು ಏನೂ ಇಲ್ಲದೆ, ಕುಡಿಯುವ ನೀರೆಲ್ಲ ಸೇತುವೆಯ ಮೇಲೆ ಹರಿದುಹೋಯಿತು. ಅಂದಿನಿಂದ ನಿಮ್ಮ ಹಾಳೆಯ ಬಗ್ಗೆ ಯಾರೂ ‘ಯಾತಕ್ಕೆ’ ಎಂದು ಕೇಳುವುದಿಲ್ಲ. ಈಗ ನಾನು ಕೇಳಬೇಕಾಗಿ ಬಂದಿದೆ.

ನನ್ನ ಅತ್ತೆ ಹುಲಿಗೆವ್ವನಿಗೆ ಎಪ್ಪತ್ತಾರು. ಎರಡು ವರ್ಷದಿಂದ ಉಸಿರುಪೆಟ್ಟಿಗೆಯ ಮೇಲೆ ಬದುಕಿದ್ದಾರೆ. ಗಾಳಿಯನ್ನು ಶುದ್ಧಮಾಡಿ ಮೂಗಿಗೆ ಕೊಡುವ ಯಂತ್ರವದು. ಸೇತುವೆ ದಾಟಲು ಮೂರು ದಿನ ಬೇಕು. ಆ ಮೂರು ದಿನ ಬಂಡಿಯ ವಿದ್ಯುತ್ತೆಲ್ಲ ಚಕ್ರಗಳಿಗೇ ಸಾಲದು, ಪೆಟ್ಟಿಗೆ ತನ್ನ ಬ್ಯಾಟರಿಯಲ್ಲೇ ನಡೆಯಬೇಕು. ಒಂದು ಬ್ಯಾಟರಿ ಎರಡು ದಿನ ಬರುತ್ತದೆ. ಹಾಗಾಗಿ ಇನ್ನೊಂದು ಬೇಕು. ಅದರ ತೂಕ ನಾಲ್ಕು ಕಿಲೋ ನೂರು ಗ್ರಾಂ. ತೇಲುಸೇತುವೆ ಪ್ರತಿ ಬಂಡಿಗೆ ಇಂತಿಷ್ಟೇ ತೂಕ ಎಂದು ಗೊತ್ತುಮಾಡಿದೆ. ನನ್ನ ಪುಸ್ತಕ ತೆಗೆದೆ, ಒಂದು ಹಾಸಿಗೆ ತೆಗೆದೆ, ಎರಡು ಪಾತ್ರೆ ಬಿಟ್ಟು ಮಿಕ್ಕವೆಲ್ಲ ತೆಗೆದೆ. ಮೊನ್ನೆ ಬ್ಯಾಟರಿಯೂ ಸೇರಿ ತೂಗಿದಾಗ ಇನ್ನೂ ನಾಲ್ಕು ಕಿಲೋ ಹೆಚ್ಚಿತ್ತು. ತೂಕ ಇಳಿಯದಿದ್ದರೆ ಅತ್ತೆ ಈಚೆ ದಂಡೆಯಲ್ಲೇ ಉಳಿಯಬೇಕು, ಮುಂದಿನ ವರ್ಷದವರೆಗೆ. ಮುಂದಿನ ವರ್ಷ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿಲ್ಲ.

ನಿಮ್ಮ ಹಾಳೆಯ ಒಂಬತ್ತನೆಯ ಸಾಲು ಹೀಗಿದೆ: ‘ಹತ್ತು-ಹನ್ನೊಂದು ಪಾನಾ ಮರೆಯಬಾರದು. ಹನ್ನೆರಡು-ಹದಿಮೂರು ಇದ್ದರೆ ಇನ್ನೂ ಒಳ್ಳೆಯದು.’ ನಾವು ಮರೆತಿಲ್ಲ. ನಟ್ಟು ತಿರುಗಿಸಲು ಎರಡು ತುದಿಗೂ ಬಾಯಿಯಿರುವ ಈ ಕಬ್ಬಿಣದ ಪಾನಾ ಪ್ರತಿ ಬಂಡಿಯಲ್ಲಿ ಕನಿಷ್ಠ ಹತ್ತು ಇವೆ. ಅನುಕೂಲಸ್ಥರ ಮನೆಯಲ್ಲಿ, ಹೆಣ್ಣು ಕೊಡುವ ಮುಂಚೆ ಎಣಿಸಿ ನೋಡುವಂಥ ಮನೆಗಳಲ್ಲಿ, ಹದಿಮೂರು. ನಮ್ಮಲ್ಲೂ ಹದಿಮೂರು, ಮಾವನವರ ಕಾಲದಿಂದ. ಅವುಗಳಲ್ಲಿ ಒಂದು ನಿಮ್ಮ ಕಾಲದ್ದಂತೆ, ಉಳಿದ ಹನ್ನೆರಡು ಅದನ್ನು ನೋಡಿ ನಮ್ಮ ಕಮ್ಮಾರರು ಬಡಿದದ್ದು. ನೋಡಿ ನೋಡಿ ಬಡಿದು ಅವು ದಪ್ಪಗಾಗಿವೆ. ಒಂದೊಂದೂ ಮುನ್ನೂರೈವತ್ತು ಗ್ರಾಂ. ಯಾವ ನಟ್ಟಿಗೂ ಕೂರುವುದಿಲ್ಲ. ಕೂರಿಸಿ ನೋಡಿದವರನ್ನೂ ನಾನು ಕಂಡಿಲ್ಲ.

ತೂಕ ಮಾಡಿದ ದಿನ ಅತ್ತೆ ಪಾನಾಗಳ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದರು.

“ಹದಿಮೂರು ಪಾನಾ ಕಾಲು ಚಾಚಿ ಕುಂತು ಹೋಗ್ತಾವ, ನಾನೊಬ್ಬಾಕಿ ಕೆಳಗ ಇಳೀಬೇಕು. ಅವೇನು ನಿನಗ ರೊಟ್ಟಿ ಬಡದು ಕೊಡ್ತಾವೇನವಾ?”

“ಪಟ್ಟಿಯೊಳಗ ಅದಾವ, ಅತ್ತಿ. ನಾ ಏನ್ ಮಾಡ್ಲಿ?”

“ಹಂಗಾರ ನನ್ನ ಹೆಸರೂ ಪಟ್ಟಿಯೊಳಗ ಬರಿ. ಸ್ಟೆಪ್ನಿ ಅಂತ ಬರಿ ಬೇಕಾದ್ರ.”

ನಕ್ಕೆವು. ನಕ್ಕಿದ್ದಕ್ಕೆ ಅವರಿಗೆ ಉಸಿರು ಸಾಲದಾಯಿತು. ಅವರು ಸುಧಾರಿಸಿಕೊಳ್ಳುವವರೆಗೆ ನಾನು ಆ ಒಂಬತ್ತನೆಯ ಸಾಲನ್ನೇ ಓದುತ್ತಿದ್ದೆ. ಒಂದೇ ವಾಕ್ಯವನ್ನು ಹೆಚ್ಚು ಸಲ ಓದಿದರೆ ಅದರ ಅರ್ಥ ಸಡಿಲಗೊಳ್ಳುತ್ತದೆ, ನಿಮಗೂ ಅನುಭವವಿರಬಹುದು. ಹತ್ತು-ಹನ್ನೊಂದು ಪಾನಾ. ಜಾಕಿಯನ್ನು ‘ಒಂದು’ ಎಂದವರು, ಬನಿಯನ್ನನ್ನು ‘ಎರಡು’ ಎಂದವರು, ಪಾನಾದ ವಿಷಯದಲ್ಲಿ ಮಾತ್ರ ಹತ್ತೋ ಹನ್ನೊಂದೋ ಎಂದು ಅನುಮಾನಿಸಿದ್ದೇಕೆ? ಇಂಗ್ಲಿಷಿನಲ್ಲಿ ಬರೆದಿದ್ದರೆ ಪದದ ಬಾಲದಲ್ಲಿ ಬಹುವಚನದ ಒಂದಕ್ಷರ ಇದೆಯೋ ಇಲ್ಲವೋ ನೋಡಿ ತಿಳಿಯಬಹುದಿತ್ತು. ಕನ್ನಡದಲ್ಲಿ ಪಾನಾ ಒಂದಾದರೂ ಪಾನಾ, ಹತ್ತಾದರೂ ಪಾನಾ. ಅಥವಾ ಕನ್ನಡ ಚೆನ್ನಾಗಿ ಬಲ್ಲವರಿಗೆ ಅದು ಹೇಗೋ ಕೇಳಿಸುತ್ತದೋ ಏನೋ, ನನ್ನ ಕಿವಿಗೆ ಮಾತ್ರ ಕೇಳಿಸುತ್ತಿಲ್ಲವೋ ಏನೋ.

ಆಮೇಲೆ ಮಾಡಿದ್ದನ್ನು ಹೇಳಲು ಸಂಕೋಚವಾಗುತ್ತದೆ. ನಿಮ್ಮ ಕಾಲದ ಆ ಒಂದು ಪಾನಾಕ್ಕೆ ಪ್ರತಿ ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಹಚ್ಚುತ್ತೇವೆ, ತೊಳೆಯುವ ಪದ್ಧತಿಯಿಲ್ಲ. ಎಣ್ಣೆ, ಕುಂಕುಮ, ಮತ್ತೆ ಎಣ್ಣೆ ಸೇರಿ ಅದರ ಮೇಲೆ ಬೆರಳು ದಪ್ಪದ ಪದರ ಕಟ್ಟಿತ್ತು. ನಾನು ಅದನ್ನು ಬಿಸಿನೀರಿನಲ್ಲಿಟ್ಟು, ಬೂದಿ ಹಾಕಿ ಉಜ್ಜಿದೆ. ನೀರು ಕೆಂಪಾಯಿತು. ಒಂದು ಬಾಯಿಯ ಬಳಿ 10 ಎಂದು ಕಂಡಿತು, ಇನ್ನೊಂದು ಬಾಯಿಯ ಬಳಿ 11.

ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಟ್ಟಿಗಾರ ಕನಕಾಚಲಪ್ಪನವರ ಬಳಿ ಹೋದೆ. ಹಾಳೆಯಲ್ಲಿರುವುದೆಲ್ಲ ಬಂಡಿಯಲ್ಲಿದೆಯೇ ಎಂದು ನೋಡಿ ಗುರುತು ಹಾಕುವುದು ಅವರ ಕೆಲಸ. ಇದು ಎಷ್ಟು ಪಾನಾ ಎಂಬ ಲೆಕ್ಕವಲ್ಲ, ಯಾವ ಪಾನಾ ಎಂಬ ಅಳತೆ ಇರಬಹುದು ಎಂದೆ. ಅವರು ಬಹಳ ಹೊತ್ತು ತಿರುಗಿಸಿ ನೋಡಿದರು.

“ಇನ್ನೊಂದು ಮಾತೂ ಇರಬೌದಲ್ರೀ ಅಕ್ಕಾರ? ಹತ್ತೋ ಹನ್ನೊಂದೋ ಇಟ್ಕೋಬೇಕು ಅನ್ನೋದು ಮರೀಬಾರದಂತ ಹಿರ್‍ಯಾರು ಇದರ ಮ್ಯಾಲೆ ಕೆತ್ತಿಸಿರಬೌದು.”

ಇದು ನನಗೆ ಹೊಳೆದಿರಲಿಲ್ಲ. ಈಗಲೂ ಪೂರ್ತಿ ತಳ್ಳಿಹಾಕಲಾರೆ.

“ಅಳತಿ ಪಟ್ಟಿ ಐತೇನ್ರಿ ನಿಮ್ಮ ಹತ್ರ?” ಎಂದು ಕೇಳಿ, ಅದನ್ನು ಪಾನಾದ ಬಾಯಿಗೆ ಅಡ್ಡ ಹಿಡಿದೆ. ಒಂದು ಕಡೆ ಹತ್ತು ಮಿಲಿಮೀಟರ್, ಇನ್ನೊಂದು ಕಡೆ ಹನ್ನೊಂದು.

“ಹಂಗಾರ ನಲವತ್ತು ಮನಿಯೊಳಗ ನಾವು ನೂರು ವರ್ಷ ಹೊತ್ತಿದ್ದೇನ್ರಿ?” ಎಂದರು ಕನಕಾಚಲಪ್ಪ. ಅವರ ಮನೆಯಲ್ಲೂ ಹದಿಮೂರಿವೆ.

ಅವರೇ ಎದ್ದು ನಮ್ಮ ಬಂಡಿಗೆ ಬಂದರು. ಉಸಿರುಪೆಟ್ಟಿಗೆಯ ಬ್ಯಾಟರಿ ಹೇಗೆ ಬದಲಿಸುತ್ತೀರಿ ತೋರಿಸಿ ಎಂದರು. ನಾನು ಯಾವಾಗಲೂ ಇಕ್ಕಳದಿಂದ ಹಿಡಿದು, ಜಾರಿಸಿಕೊಂಡು, ಬೆರಳು ಕೊಯ್ದುಕೊಂಡು ಬದಲಿಸುವವಳು. ಆ ದಿನ ಸುಮ್ಮನೆ, ಯಾವ ನಂಬಿಕೆಯೂ ಇಲ್ಲದೆ, ಪಾನಾದ ಹತ್ತರ ಬಾಯಿಯನ್ನು ಬ್ಯಾಟರಿಯ ನಟ್ಟಿನ ಮೇಲೆ ಇಟ್ಟೆ. ಕೂತಿತು. ಅಲ್ಲಾಡದೆ ಕೂತಿತು. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ನಟ್ಟು ಬಿಟ್ಟುಕೊಂಡಿತು. ಅತ್ತೆ ಮಂಚದ ಮೇಲಿಂದಲೇ, “ಮಾತಾಡ್ರಿ ಯಾರಾರ, ಸತ್ತೀನೇನು ನಾನು?” ಎಂದರು.

ಕನಕಾಚಲಪ್ಪನವರು ಪುಸ್ತಕ ತೆರೆದರು. ಪ್ರತಿ ವರ್ಷ ಆ ಸಾಲಿನ ಮುಂದೆ ‘ಇವೆ’ ಎಂದು ಬರೆಯುತ್ತಾರೆ. ಪೆನ್ನು ಹಿಡಿದು ತಡೆದರು. “ಪಟ್ಟಿ ತಿದ್ದಾಂವ ನಾನಲ್ರಿ. ಪಟ್ಟಿಯೊಳಗ ಏನೈತಿ ಅದು ಐತೋ ಇಲ್ಲೋ, ಅಷ್ಟ ನಂದು,” ಎಂದರು. ನಂತರ ಬರೆದರು: ‘ಹತ್ತು-ಹನ್ನೊಂದು ಪಾನಾ — ಇದೆ.’ ಇವೆ ಅಲ್ಲ, ಇದೆ. ನನ್ನ ಜೀವನದಲ್ಲಿ ಕನ್ನಡದ ವ್ಯಾಕರಣ ಇಷ್ಟು ಉಪಕಾರಕ್ಕೆ ಬಂದದ್ದಿಲ್ಲ. ಹನ್ನೆರಡು ಪಾನಾ ಕೆಳಗಿಳಿಸಿದೆ. ಬ್ಯಾಟರಿ ಒಳಗೆ ಬಂತು. ತಕ್ಕಡಿಯ ಮುಳ್ಳು ಗೆರೆಯ ಈಚೆಗೇ ನಿಂತಿತು.

ಇನ್ನು ಹತ್ತು ದಿನಕ್ಕೆ ಹೊರಡುತ್ತೇವೆ. ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ಇಳಿಸಿದ ಆ ಹನ್ನೆರಡನ್ನು ದಿನಕ್ಕೆರಡು ಸಲ ಹೋಗಿ ಎಣಿಸಿ ಬರುತ್ತೇನೆ. ಟ್ಯೂಬಿನ ತುಂಡು ಬಿಟ್ಟವರೂ ನನ್ನಷ್ಟೇ ತಿಳಿದವರಾಗಿದ್ದರು. ನಟ್ಟಿಗೆ ಕೂತದ್ದು ಕಾಕತಾಳೀಯವಿರಬಹುದೇ? ಹತ್ತು ಜನ ಒಟ್ಟಿಗೆ ಹತ್ತು ಪಾನಾ ಹಿಡಿಯಬೇಕಾದ ಕೆಲಸವೊಂದು ನಿಮ್ಮ ಕಾಲದಲ್ಲಿ ಇತ್ತೇ? ನೀವು ಈ ಹಾಳೆ ಬರೆದಾಗ ನನಗಿಂತ ಚಿಕ್ಕವರಿದ್ದಿರಬಹುದು. ಹೊರಡುವ ಅವಸರದಲ್ಲಿ, ಯಾರಿಗೋ ಕೂಗಿ ಹೇಳುತ್ತ ಬರೆದಿರಬಹುದು. ಅದನ್ನು ಯಾರಾದರೂ ಇಷ್ಟು ನಂಬುತ್ತಾರೆಂದು ತಿಳಿದಿದ್ದರೆ ಇನ್ನೊಂದು ಪದ ಸೇರಿಸುತ್ತಿದ್ದಿರೋ, ಇಲ್ಲ, ಹೆದರಿ ಬರೆಯುತ್ತಲೇ ಇರಲಿಲ್ಲವೋ?

ಈ ಪತ್ರ ನಿಮ್ಮನ್ನು ತಲುಪಿ, ಪೆನ್ನು ಇನ್ನೂ ಕೈಯಲ್ಲಿದ್ದರೆ ಒಂದೇ ಕೋರಿಕೆ. ಒಂಬತ್ತನೆಯ ಸಾಲಿನಲ್ಲಿ ‘ಅಳತೆ’ ಎಂದು ಸೇರಿಸಿ. ಸೇರಿಸಲಾಗದಿದ್ದರೆ ಬೇಸರವಿಲ್ಲ. ಬನಿಯನ್ನಿನ ವಿಷಯ ಬರೆಯದಿದ್ದರೂ ನಡೆದೀತು, ಈ ಸಲವೂ ಎರಡನ್ನೂ ಹಾಕಿಕೊಂಡೇ ಬಂಡಿ ಓಡಿಸುತ್ತೇನೆ.

ನಿಮ್ಮ ಹಾಳೆಯ ನಕಲು ಎಲ್ಲ ಬಂಡಿಗಳಲ್ಲೂ ಇದೆ; ನಮ್ಮ ಮನೆಯ ಪ್ರತಿಯ ಕೊನೆಯಲ್ಲಿ ನಾನೂ ಒಂದು ಸಾಲು ಬರೆದಿದ್ದೇನೆ. ಅತ್ತೆ ಓದಿಸಿ ಕೇಳಿ, ಅಕ್ಷರ ದುಂಡಗಿಲ್ಲ ಎಂದರು. ಅದು ಹೀಗಿದೆ: ‘ಹುಲಿಗೆವ್ವನ ಉಸಿರುಪೆಟ್ಟಿಗೆಗೆ ಬ್ಯಾಟರಿ ಎರಡು. ಇದು ಎಣಿಕೆ, ಅಳತೆಯಲ್ಲ. ಅವರು ಇಲ್ಲದ ಕಾಲಕ್ಕೆ ಇದನ್ನು ಹೊರಬೇಡಿ.’

ಇಂತು,
ಪಾರಿಜಾತ
ಇಪ್ಪತ್ತೇಳನೆಯ ಬಂಡಿ