ಮುಚ್ಚಿಯೇ ಇದ್ದ ನಲ್ಲಿ

ಬಿಳಿಗೆರೆ
ಭಾನುವಾರ, ೮ ಫೆಬ್ರವರಿ ೧೯೮೧

ಪ್ರೀತಿಯ ಶಾಂತಕುಮಾರಿಗೆ,

ಈ ಕಾಗದವನ್ನು ಎರಡನೆಯ ಸಲ ಬರೆಯುತ್ತಿದ್ದೇನೆ. ಮೊದಲನೆಯದರಲ್ಲಿ, ನಮ್ಮ ಕಾರಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಬಿಡುವ ನಲ್ಲಿಯ ದೋಷ ಈಗ ಸಿಕ್ಕಿತು, ನಿನ್ನ ತಂದೆಯ ತಪ್ಪೇನೂ ಇರಲಿಲ್ಲ ಎಂದಷ್ಟೇ ಬರೆದು ಮುಗಿಸಿದ್ದೆ. ಓದಿ ನೋಡಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ನಾನೂ ಇರಲಿಲ್ಲ. ಹರಿದು ಹಾಕಿದೆ.

ಏಳು ವರ್ಷದ ಹಿಂದೆ ನೀನು ಒಂದೇ ಪ್ರಶ್ನೆಯ ಕಾರ್ಡು ಬರೆದಿದ್ದೆ. ನಮ್ಮಪ್ಪ ಸುಳ್ಳು ಹೇಳಿದರೆಂದು ನೀನೂ ನಂಬುತ್ತೀಯಾ ಅಕ್ಕಾ, ಎಂದು. ನಾನು ಉತ್ತರ ಬರೆಯಲಿಲ್ಲ. ನಂಬಿದ್ದೆ ಶಾಂತಾ.

ನಿನಗೆ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಆ ವರ್ಷ ಅಟ್ಟದಿಂದ ಇಳಿಸಿ, ಸುಲಿದು, ಕರಟ ಬಿಡಿಸಿದ ಉಂಡೆ ಕೊಬ್ಬರಿಯ ಚೀಲಗಳನ್ನು ಜಾಗ ಸಾಲದೆ ಕಾರಿನ ಕೊಟ್ಟಿಗೆಯಲ್ಲಿ ಒಟ್ಟಿದ್ದೆವು. ನಿನ್ನ ತಂದೆ ನೆಂಟರ ಮದುವೆಗೆಂದು ಮೂರು ದಿನ ಹೋಗಿದ್ದರು. ಬಂದು ಬಾಗಿಲು ತೆರೆದರೆ ಕಾರಿನ ಕೆಳಗೆ ನೆಲವೆಲ್ಲ ಪೆಟ್ರೋಲ್. ಕೊಬ್ಬರಿ ಎಂಥ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ನಮ್ಮ ಅಪ್ಪಾಜಿ ಎರಡು ದಿನ ಗಾಳಿಗೆ ಹರವಿಸಿ, ಹೋಗಿದೆ ಎಂದುಕೊಂಡು ತಿಪಟೂರಿನ ಮಾರುಕಟ್ಟೆಗೆ ಒಯ್ದರು. ಅಲ್ಲಿ ವರ್ತಕನೊಬ್ಬ ಒಂದು ಉಂಡೆ ಒಡೆದು ಮೂಸಿ, ಪಕ್ಕದವನ ಕೈಗೆ ಕೊಟ್ಟು, “ಏನ್ ಯಜಮಾನ್ರೇ, ಈ ಸಲ ಮರಕ್ಕೆ ನೀರಿನ್ ಬದ್ಲು ಪೆಟ್ರೋಲ್ ಹುಯ್ದಿದ್ರಾ?” ಎಂದನಂತೆ. ಎಲ್ಲರೂ ನಕ್ಕರಂತೆ. ಅಪ್ಪಾಜಿ ಚೀಲಗಳನ್ನು ಮತ್ತೆ ಗಾಡಿಗೆ ಹೇರಿಸಿಕೊಂಡು ಬಂದರು.

ಅಂಗಳದಲ್ಲಿ ಅಣ್ಣ ಶಂಭುಲಿಂಗಯ್ಯ ನಿನ್ನ ತಂದೆಯನ್ನು ನಿಲ್ಲಿಸಿ, ಕಾರು ನಿಲ್ಲಿಸಿದಾಗ ಮುಚ್ಚಬೇಕಾದ ನಲ್ಲಿಯನ್ನು ತೆರೆದೇ ಬಿಟ್ಟು ಹೋಗಿದ್ದೆಯಾ ಎಂದು ಕೇಳಿದ.

“ನಲ್ಲಿ ಮುಚ್ಚೇ ಇತ್ತು ಬುದ್ಧಿ. ಬಂದ್ ತಕ್ಷಣ ಕೈಯಿಟ್ಟು ನೋಡ್ದೆ,” ಎಂದರು ಅವರು.

“ಮುಚ್ಚಿದ್ ನಲ್ಲೀಲಿ ಹೆಂಗ್ ಸುರೀತದಲಾ, ಹುಚ್ಚರಂಗ? ಬಂದ್ಮೇಲೆ ನೀನೇ ಮುಚ್ಚಿದೀಯ, ಬುಡು.”

ಮತ್ತೆ ಕೇಳಿದಾಗಲೂ ಅವರದು ಅದೇ ಮಾತು. ಇಪ್ಪತ್ತೆರಡು ವರ್ಷದ ಡ್ರೈವರ್ ಕೆಲಸ ಅಂದೇ ಮುಗಿಯಿತು.

ಇನ್ನು ನಿನಗೆ ಗೊತ್ತಿಲ್ಲದ್ದು. ನಾನು ಗಂಡನ ಮನೆ ಬಿಟ್ಟು ಬಂದು ಆಗ ಎರಡು ವರ್ಷ. ಅಪ್ಪಾಜಿ ಮತ್ತು ಅಣ್ಣ ತೋಟದ ಆ ತುದಿಯಲ್ಲಿ ಕಾಯಿ ಕೆಡವಿಸುವ ಮಧ್ಯಾಹ್ನಗಳಲ್ಲಿ ನಿನ್ನ ತಂದೆ ನನಗೆ ಕಾರು ಕಲಿಸುತ್ತಿದ್ದರು. ಕೊಟ್ಟಿಗೆಯಿಂದ ಕಣದವರೆಗೆ, ಕಣದಿಂದ ಕೊಟ್ಟಿಗೆಗೆ. ಅಷ್ಟು ದೂರ ಹೋಗಿ ಬಂದರೂ ನನಗೆ ಊರು ದಾಟಿದಂತೆ ಆಗುತ್ತಿತ್ತು. ಅವರು ಮದುವೆಗೆ ಹೋದ ದಿನ ನಾನೊಬ್ಬಳೇ ಹತ್ತಿ ಕುಳಿತೆ. ನಲ್ಲಿ ತಿರುಗಿಸಿದೆ. ಅಷ್ಟರಲ್ಲಿ ಅಣ್ಣನ ದನಿ ಕೇಳಿ ಇಳಿದು ಓಡಿದೆ. ನಲ್ಲಿ ಮುಚ್ಚಿದೆನೇ? ಆವತ್ತೂ ನೆನಪಿರಲಿಲ್ಲ, ಇವತ್ತಿಗೂ ಇಲ್ಲ.

ಅಂಗಳದಲ್ಲಿ ನಾನು ಕಂಬಕ್ಕೆ ಒರಗಿ ನಿಂತಿದ್ದೆ. “ಮುಚ್ಚೇ ಇತ್ತು” ಎಂದು ಅವರು ಹೇಳಿದಾಗ, ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಬಾಯಿ ಬಿಡಲಿಲ್ಲ. ಅಪ್ಪಾಜಿ ತೀರಿಕೊಂಡ ಮೇಲೂ ಬಿಡಲಿಲ್ಲ. ಮನಸ್ಸಿನಲ್ಲೇ ಅವರಿಗೆ ಕೃತಜ್ಞಳಾಗಿದ್ದೆ, ಅದೇ ಸಾಕು ಎಂಬಂತೆ.

ಈಗ ಅಣ್ಣ ಕಾರು ಮಾರಲು ಹೊರಟಿದ್ದಾನೆ. ನೋಡಲು ಬರುವವರಿಗೆ ಓಡಿಸಿ ತೋರಿಸಬೇಕೆಂದು ಹೋದ ಸೋಮವಾರ ಟ್ಯಾಂಕಿಗೆ ಪೆಟ್ರೋಲ್ ಹಾಕಿದೆವು. ನಲ್ಲಿ ಮುಚ್ಚಿಯೇ ಇತ್ತು, ನಾನೇ ಎರಡು ಸಲ ಮುಟ್ಟಿ ನೋಡಿದ್ದೆ. ಮರುದಿನ ಬೆಳಿಗ್ಗೆ ನೆಲ ಒದ್ದೆ.

ಮೆಕ್ಯಾನಿಕ್ಕನ್ನು ಕರೆಸಲಿಲ್ಲ. ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿ, ನಲ್ಲಿ ಬಿಚ್ಚಿ, ಒಳಗಿನ ಹಿತ್ತಾಳೆ ಬಿರಡೆಯನ್ನು ಹೊರತೆಗೆದೆ. ದೀಪದ ಕಾಡಿಗೆ ಸವರಿ ಮತ್ತೆ ಕೂರಿಸಿ ತಿರುಗಿಸಿದಾಗ ಅದರ ಸುತ್ತ ಒಂದು ಗೀರು ಎದ್ದು ಕಂಡಿತು. ಯಾವುದೋ ಮರಳಿನ ಹರಳು ಸಿಕ್ಕಿ ಗೀಚಿರಬೇಕು. ಇದು ಈಚೆಗೆ ಬಿದ್ದದ್ದು ಎಂದುಕೊಳ್ಳಲು ನಾನೇ ಪ್ರಯತ್ನಪಟ್ಟೆ ಶಾಂತಾ. ಆದರೆ ನಿನ್ನ ತಂದೆ ಹೋದ ಮೇಲೆ ಆ ಕಾರು ಕದಲಿಲ್ಲ, ಆ ನಲ್ಲಿಯನ್ನು ಯಾರೂ ತಿರುಗಿಸಿಲ್ಲ. ತಿರುಗಿಸದೆ ಗೀರು ಬೀಳುವುದಿಲ್ಲ. ಅದು ಆಗಲೇ ಇತ್ತು. ಮುಚ್ಚಿದರೂ ಸೋರುವ ನಲ್ಲಿ ಅದು. ಆ ಅಂಗಳದಲ್ಲಿ ನಿಜ ಹೇಳಿದವರು ಅವರೊಬ್ಬರೇ. ಅಣ್ಣ ಅದನ್ನು ಅವರು ತಮ್ಮನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳು ಎಂದುಕೊಂಡ, ನಾನು ನನಗಾಗಿ ಹೇಳಿದ ಸುಳ್ಳು ಎಂದುಕೊಂಡೆ.

ಲೋಹ ಉಜ್ಜುವ ನುಣ್ಣನೆಯ ಎಮೆರಿ ಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಬಿರಡೆಗೆ ಹಚ್ಚಿ, ಅವರು ಕಲಿಸಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ ಕುಳಿತೆ. “ಒತ್ತಬ್ಯಾಡಿ ಕಣ್ರವ್ವ. ಬಿಡಿ, ಎತ್ತಿ, ಮತ್ತೆ ಕೂರ್ಸಿ. ಅದು ತಾನೇ ಹಿಡ್ಕೊಳ್ತದೆ,” ಎನ್ನುತ್ತಿದ್ದರು. ಎರಡು ಮಧ್ಯಾಹ್ನ ಹಿಡಿಯಿತು. ಗೀರು ಅಳಿದು ಬಿರಡೆಯ ಸುತ್ತ ಒಂದೇ ಬಣ್ಣ ಬಂತು. ತೊಳೆದು ಜೋಡಿಸಿ, ಕೆಳಗೆ ಕಾಗದ ಹಾಸಿಟ್ಟೆ. ಮರುದಿನ ಕಾಗದ ಒಣಗಿಯೇ ಇತ್ತು.

ನಲ್ಲಿ ತೆರೆದಿಟ್ಟವಳು ನಾನಲ್ಲ ಎಂದು ಕ್ಷಣಕಾಲ ಹಗುರವಾಯಿತು. ಆಮೇಲೆ ನೆನಪಾಯಿತು, ನಾನೇ ತೆರೆದಿಟ್ಟೆ ಎಂದು ನಂಬಿಕೊಂಡೇ ಅಲ್ಲವೇ ನಾನು ಅವರನ್ನು ಹೋಗಗೊಟ್ಟದ್ದು? ಆ ತಪ್ಪು ನಲ್ಲಿಯದಲ್ಲ.

ಹೋದ ತಿಂಗಳು ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನ ಬಳಿಯ ಸೈಕಲ್ ಅಂಗಡಿಯಲ್ಲಿ ಅವರನ್ನು ದೂರದಿಂದ ಕಂಡೆ. ಯಾರೋ, “ಲೇ ಪೆಟ್ರೋಲ್ ರಂಗ, ಪಂಪ್ ಕೊಡ್ಲಾ,” ಎಂದರು. ಅವರು ಆ ಹೆಸರಿಗೆ ಓಗೊಟ್ಟು ಪಂಪು ತಂದುಕೊಟ್ಟರು. ನಾನು ಬಸ್ಸು ಹತ್ತಿಬಿಟ್ಟೆ.

ಈ ಕಾಗದವನ್ನು ಅವರಿಗೆ ಓದಿ ಹೇಳು. ಅಂಗಡಿಯಲ್ಲಿ, ನಾಲ್ಕು ಜನರೆದುರು ಓದಿದರೂ ಸರಿಯೇ. ನಾನು ಬಂದು ಎದುರು ನಿಲ್ಲಬೇಕೋ ಬೇಡವೋ ಅವರೇ ಹೇಳಲಿ.

ನಿನ್ನ ಕಾರ್ಡಿಗೆ ಉತ್ತರಿಸದಿದ್ದ,
ಹೊಂಬಾಳಮ್ಮ

ತಾ.ಕ.: ಕಾರು ಓಡಿಸುವಾಗ ಎತ್ತರ ಸಾಲದೆ ನಾನು ಸೀಟಿನ ಮೇಲೆ ದಿಂಬು ಹಾಕಿಕೊಳ್ಳುತ್ತಿದ್ದೆ. ಅಂದು ಓಡುವಾಗ ಅದನ್ನು ಅಲ್ಲಿಯೇ ಬಿಟ್ಟಿದ್ದೆ. ಕೆಲಸ ಬಿಟ್ಟು ಹೊರಡುವಾಗ ನಿನ್ನ ತಂದೆ ಹಿತ್ತಲ ಬಾಗಿಲಿಗೆ ಬಂದು, ಟವಲಿನಲ್ಲಿ ಸುತ್ತಿದ ಆ ದಿಂಬನ್ನು ನನ್ನ ಕೈಗಿಟ್ಟು, “ಯಾರೂ ನೋಡ್ಲಿಲ್ಲ ಕಣ್ರವ್ವ,” ಎಂದರು. ಅದನ್ನು ಅಂಗಳದಲ್ಲಿ ತೋರಿಸಿದ್ದರೆ ತಪ್ಪು ನನ್ನ ಮೇಲೆ ಬಂದು ಅವರ ಕೆಲಸ ಉಳಿಯುತ್ತಿತ್ತು. ಟವಲು ಇನ್ನೂ ನನ್ನ ಬಳಿಯೇ ಇದೆ.

ಅಣ್ಣ ಅರಸೀಕೆರೆಯಿಂದ ಮಂಗಳವಾರ ಬರುತ್ತಾನೆ. ಇದನ್ನು ಅವನಿಗೆ ಓದಿ ಹೇಳಿದ ಮೇಲೆಯೇ ಲಕೋಟೆ ಅಂಟಿಸುತ್ತೇನೆ. ಬೇಡವೆಂದು ಅವನು ಹೇಳಿದರೂ ಅಂಚೆಗೆ ಹಾಕುವ ದಿನ ಬದಲಾಗುವುದಿಲ್ಲ: ಬುಧವಾರ, ೧೧ ಫೆಬ್ರವರಿ ೧೯೮೧.