ಪಟ್ಟಿಗೆ ಕಾಣದ ಸಕ್ಕರೆ

ಪ್ರಯೋಗಾಲಯದ ಮೇಜಿನಿಂದ
ಮಾರ್ಚ್ ೧೪, ಮಧ್ಯಾಹ್ನ

ನನ್ನ ಬಂಗಾರಿ ಮಗಳೇ,

ಅಳಿಯಂದಿರು ನಿನ್ನೆ ಫೋನ್ ಮಾಡಿದ್ದರು. ನಿನಗೆ ಏಳು ತಿಂಗಳಂತೆ. ಹೆತ್ತವಳಿಗೂ ಹೇಳದೆ ಇಷ್ಟು ದಿನ ಬಚ್ಚಿಟ್ಟೆಯಲ್ಲೇ ಕಳ್ಳಿ! ಬೈಯಬೇಕೆನಿಸಿತು, ಆಮೇಲೆ ಖುಷಿಗೆ ಅತ್ತುಬಿಟ್ಟೆ. ಆದರೆ ನೀನು ಈಗಲೂ ದಿನಕ್ಕೆ ಇಪ್ಪತ್ತು ಸಲ ಸೋಪು ಹಾಕಿ ಕೈ ತಿಕ್ಕುತ್ತೀಯಂತೆ, ಬೆರಳ ಸಂದಿಯೆಲ್ಲ ಬಿರಿದು ರಕ್ತ ಬರುತ್ತದಂತೆ. "ಈ ಸಲ ನನ್ ಕೈಯಿಂದ ಮಗೂಗೆ ಏನೂ ಅಂಟಬಾರ್ದು" ಅಂತೀಯಂತೆ. ಅದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ.

ಮೊದಲು ಮುಖ್ಯವಾದದ್ದು. ಮಗು ಹುಟ್ಟಿದ ಕೂಡಲೇ ಅದರ ರಕ್ತವನ್ನು ಗ್ಯಾಲಕ್ಟೋಸ್ ತೊಂದರೆಗೆ ಪರೀಕ್ಷೆ ಮಾಡಿಸಬೇಕು. ವರದಿ ಬರುವವರೆಗೆ ನಿನ್ನ ಹಾಲೂ ಬೇಡ, ಬೇರೆ ಹಾಲೂ ಬೇಡ. ಲ್ಯಾಕ್ಟೋಸ್ ಇಲ್ಲದ ಸೋಯಾ ಪುಡಿ ಸಿಗುತ್ತದೆ. ಈ ಕಾಗದವನ್ನು ನಾಳೆಯೇ ನಿನ್ನ ಡಾಕ್ಟರಿಗೆ ತೋರಿಸು. ನನ್ನ ಮೇಲಿನ ಸಿಟ್ಟಿಗೆ ಹರಿದು ಹಾಕಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

ಅಮ್ಮ ಮತ್ತೆ ಪಾಠ ಶುರು ಮಾಡಿದಳು ಎಂದು ಮೂಗು ಮುರಿಯಬೇಡ. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಎನ್ನುತ್ತಾರೆ. ಗ್ಲೂಕೋಸ್, ಗ್ಯಾಲಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳ ಜೋಡಿ ಅದು. ಕರುಳಿನಲ್ಲಿ ಜೋಡಿ ಬಿಚ್ಚಿಕೊಳ್ಳುತ್ತದೆ. ಎರಡರಲ್ಲೂ ಅಷ್ಟೇ ಇಂಗಾಲ, ಅಷ್ಟೇ ಜಲಜನಕ, ಅಷ್ಟೇ ಆಮ್ಲಜನಕ. ನಾವು ಬರೆಯುವ ಚಿತ್ರದಲ್ಲಿ ನಾಲ್ಕನೆಯ ಇಂಗಾಲದ ಪಕ್ಕದ ಒಂದು ಗುಂಪು ಗ್ಲೂಕೋಸಿನಲ್ಲಿ ಬಲಕ್ಕೆ, ಗ್ಯಾಲಕ್ಟೋಸಿನಲ್ಲಿ ಎಡಕ್ಕೆ, ಅಷ್ಟೇ ವ್ಯತ್ಯಾಸ. ಅವಳಿ ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ಬೈತಲೆ ಆ ಕಡೆ ತೆಗೆದಂತೆ. ಗ್ಯಾಲಕ್ಟೋಸನ್ನು ಮೈ ಅರಗಿಸಿಕೊಳ್ಳಲು ಒಂದು ಕಿಣ್ವ ಬೇಕು. ಅಪರೂಪಕ್ಕೆ ಒಂದೊಂದು ಮಗು ಅದಿಲ್ಲದೆ ಹುಟ್ಟುತ್ತದೆ. ಅಂಥ ಕೂಸಿಗೆ ತಾಯಿಯ ಹಾಲೇ ವಿಷ. ವಾಂತಿಯಾಗುತ್ತದೆ, ಮೈ ಹಳದಿಯಾಗುತ್ತದೆ, ಸೋಂಕು ಸುಲಭವಾಗಿ ಹತ್ತುತ್ತದೆ.

ಹೌದು ಪುಟ್ಟಿ, ನಿನ್ನ ಚೊಚ್ಚಲ ಕೂಸು, ಹನ್ನೊಂದೇ ದಿನ ಬದುಕಿದ ನಮ್ಮ ಗುಂಡನಿಗೆ ಆಗಿದ್ದು ಇದೇ ಎಂದು ನನಗನಿಸುತ್ತದೆ. ಡಾಕ್ಟರು ಸೋಂಕು ಎಂದರು. ಸೋಂಕು ಕೊನೆಗೆ ಬಂದದ್ದು. ನಿನ್ನ ಕೈಯಿಂದ ಬಂದದ್ದಲ್ಲ.

ಆರನೆಯ ದಿನ ನೀನು ಕೇಳಿದ್ದೆ: "ಅಮ್ಮಾ, ಹಾಲು ಕುಡಿದಾಗೆಲ್ಲ ವಾಂತಿ ಮಾಡ್ಕೋತಾನೆ, ಒಂದಿನ ನಿಲ್ಸಿ ನೋಡ್ಲಾ?" ನಾನು "ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ಗದರಿದೆ. ಅದರ ಮೇಲೆ ಜಂಬ ಬೇರೆ. ಚೀಲದಿಂದ ಪರೀಕ್ಷೆಯ ಪಟ್ಟಿ ತೆಗೆದು ಅವನ ಮೂತ್ರದಲ್ಲಿ ಅದ್ದಿದೆ. ಬಣ್ಣ ಬದಲಾಗಲಿಲ್ಲ. ಸಕ್ಕರೆ ಇಲ್ಲ, ಏನೂ ಇಲ್ಲ, ಸುಮ್ಮನೆ ಕುಡಿಸು ಎಂದು ಬೀಗಿದೆ. ಆ ಪಟ್ಟಿಗೆ ಗ್ಲೂಕೋಸ್ ಮಾತ್ರ ಕಾಣುತ್ತದೆ, ಗ್ಯಾಲಕ್ಟೋಸ್ ಎಷ್ಟಿದ್ದರೂ ಅದು ಕುರುಡು. ನೀಲಿ ಬೆನೆಡಿಕ್ಟ್ ದ್ರಾವಣ ಬೆರೆಸಿ ಕಾಯಿಸಿದರೆ ಎರಡಕ್ಕೂ ಇಟ್ಟಿಗೆ ಕೆಂಪಾಗುತ್ತದೆ. ಇಪ್ಪತ್ತಾರು ವರ್ಷ ಇದನ್ನೇ ವಿದ್ಯಾರ್ಥಿಗಳ ತಲೆಗೆ ತುಂಬಿದ ನಾನು ನಿನ್ನ ಮನೆಯಲ್ಲಿ ಮರೆತೆ. ಮಾರನೆಯ ವರ್ಷ ಈ ಪಾಠ ಮಾಡುವಾಗ ಹೊಳೆಯಿತು.

ಆಮೇಲಾದರೂ ಬಾಯಿ ಬಿಡಬಹುದಿತ್ತು. ನೀನು ಮತ್ತೆ ನನ್ನ ಮುಖ ನೋಡುವುದಿಲ್ಲವೆಂಬ ಹೆದರಿಕೆ. ನಿನ್ನ ಬಿರಿದ ಕೈಗೆ ಮುಲಾಮು ಹಚ್ಚುತ್ತ, ಅಳಬೇಡ ಎನ್ನುತ್ತ ಕೂತಿದ್ದೆ. ಎಂಥ ಹೆಂಗಸು ನಾನು!

ಗುಂಡನದು ಅದೇ ಆಗಿದ್ದರೆ, ಈ ಮಗುವಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ದಿನವೇ ಗೊತ್ತಾದರೆ ಮಗು ಬದುಕುತ್ತದೆ ಕಣೇ. ನನ್ನನ್ನು ಕ್ಷಮಿಸದಿದ್ದರೂ ಪರವಾಗಿಲ್ಲ, ಪರೀಕ್ಷೆ ಮಾಡಿಸು. ಕೈ ತಿಕ್ಕುವುದನ್ನು ನಿಲ್ಲಿಸು.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಪಾಠ ಮಾಡುವಾಗ ಹೊಳೆಯಿತು ಎಂದದ್ದು ಸುಳ್ಳು. ಏಳನೆಯ ದಿನವೇ ಮನಸ್ಸು ತಡೆಯದೆ, ನಿನಗೆ ಹೇಳದೆ, ಗುಂಡನ ಮೂತ್ರವನ್ನು ಇಲ್ಲಿಗೆ ತಂದು ನೀಲಿ ದ್ರಾವಣದಲ್ಲಿ ಕಾಯಿಸಿದ್ದೆ. ಇಟ್ಟಿಗೆ ಕೆಂಪಾಯಿತು. ಹಿಂದಿನ ತರಗತಿಯ ಸಕ್ಕರೆ ನಳಿಕೆಯಲ್ಲಿ ಉಳಿದಿರಬೇಕು, ವಿದ್ಯಾರ್ಥಿಗಳು ಸರಿಯಾಗಿ ತೊಳೆದಿಲ್ಲ ಎಂದು ಬೈದುಕೊಂಡು ಸಿಂಕಿಗೆ ಸುರಿದೆ. ಅವನು ಇನ್ನೂ ನಾಲ್ಕು ದಿನ ಹಾಲು ಕುಡಿದ. ಕಾಯಿಸುವ ಮೊದಲು ಆ ನಳಿಕೆಯನ್ನು ತೊಳೆದಿಟ್ಟವಳು ನಾನೇ.