ಭಾನುವಾರದ ಇಂಗ್

ಟೀಚರಮ್ಮ,

ಹಾಲು ಕಾಯಿಸಿಟ್ಟಿದ್ದೀನಿ. ಕುಡಿದ ಮೇಲೆ ಮುಚ್ಚಿಡು, ಇಲ್ಲದಿದ್ರೆ ಬೆಕ್ಕು ಬಾಯಿ ಹಾಕುತ್ತೆ. ನಿನ್ನ ನೀಲಿ ಕೋಟಿಗೆ ಗುಂಡಿ ಹೊಲಿದಿದ್ದೀನಿ. ಆ ಗುಂಡಿಗೆ ಎರಡು ದಿನದಿಂದ ಯಾಕಷ್ಟು ಅವಸರ ಮಾಡಿದೆ ಅಂತ ಇವತ್ತು ಬೆಳಿಗ್ಗೆ ಗೊತ್ತಾಯ್ತು.

ನೀನು ಕೊಟ್ಟ ಇಂಗ್ಲಿಷ್ ಹೋಂವರ್ಕ್ ಮಾಡೋಣ ಅಂತ ನೋಟ್‌ಬುಕ್ ತೆಗೆದೆ. ಒಳಗೆ ನೀನು ಹಾಸ್ಟೆಲ್ ವಾರ್ಡನ್‌ಗೆ ಬರೆದ ಕಾಗದ ಇತ್ತು. ‘ಐ ಆಮ್ ಮೂವಿಂಗ್ ಇನ್ ಆನ್ ಸಂಡೇ.’ ಅಕ್ಷರ ಕೂಡಿಸಿಕೊಂಡು ಓದಿದೆ, ಅರ್ಥ ಆಯ್ತು. ಕಲಿಸಿದವಳು ನೀನೇ ಅಲ್ವಾ?

ಪದದ ಕೊನೆಗೆ ‘ಇಂಗ್’ ಬಂದ್ರೆ ಈಗ ನಡೀತಿರೋದು ಅಂತ ಮೊದಲು ಹೇಳಿಕೊಟ್ಟೆ. ಮುಂದೆ ನಡೆಯೋದಕ್ಕೂ ಅದನ್ನೇ ಹಾಕಬಹುದು, ಆದ್ರೆ ಎಲ್ಲಾ ನಿಶ್ಚಯ ಆಗಿದ್ರೆ ಮಾತ್ರ ಅಂತ ಆಮೇಲೆ ಹೇಳಿದೆ. ಮೊನ್ನೆ ಊಟಕ್ಕೆ ಕೂತಾಗ ಹಾಸ್ಟೆಲ್ ವಿಷಯ ಕೇಳಿದ್ರೆ, ‘ಇನ್ನೂ ಏನೂ ನಿಶ್ಚಯ ಇಲ್ಲ ಅಕ್ಕಾ’ ಅಂದೆ. ಇಂಗ್ಲಿಷಲ್ಲಿ ವಾರ್ಡನ್‌ಗೆ ನಿಜ ಹೇಳಿ, ಕನ್ನಡದಲ್ಲಿ ನನ್ನ ಕಿವಿಗೆ ಹೂವಿಟ್ಟೆ.

ಬಸ್ ಹತ್ತಿ ಹೋಗು, ತಡೆಯೋಕೆ ನಾನ್ಯಾರು? ನನ್ನ ಹೊಲಿಗೆ ಅಂಗಡಿಗೆ ನಮ್ಮಿಬ್ಬರ ಹೆಸರಿನ ಬೋರ್ಡ್ ಬರೆಯೋಕೆ ಹೇಳಿದ್ದೆ. ಈಗ ಹೋಗಿ ಬೇಡ ಅಂತ ಹೇಳಿ ಬರ್ತೀನಿ.

ಹೋಂವರ್ಕ್ ಕೆಳಗಿದೆ. ನಾನು ಯಾವಾಗಲೂ ‘ಆಮ್’ ನುಂಗಿಬಿಡ್ತೀನಿ ಅಂತ ನಗ್ತಿದ್ದೆಯಲ್ಲ, ಈ ಸಲ ನುಂಗಿಲ್ಲ.

‘ಐ ಆಮ್ ನಾಟ್ ಕಮಿಂಗ್ ಟು ದ ಬಸ್ ಸ್ಟ್ಯಾಂಡ್ ಆನ್ ಸಂಡೇ.’

ನಿಶ್ಚಯ ಆಗಿದೆ.

ಅಕ್ಕ